ನೆರಳಿನ ನಡುವಣ ಬೆಳಕು

ಕಾಲೇಜಿನ ಮೊದಲ ತರಗತಿಯಲ್ಲಿ ಭೌತವಿಜ್ಞಾನವನ್ನು ವ್ಯಾಸಂಗಮಾಡುವ ವಿದ್ಯಾರ್ಥಿಯು ಮೊದಲು ಲೋಲಕದ ಆಂದೋಲನವನ್ನೂ, ಬಳಿಕ ತಂತಿಯ ಮೇಲೆ ಓಡುವ ಅಲೆಗಳನ್ನೂ, ಕಡೆಗೆ ಬೆಳಕನ್ನೂ ಕುರಿತು ಪಾಠ ಕೇಳುತ್ತಾನೆ. ಲೋಲಕದಿಂದ ಅಲೆಗೆ ಒಂದು ಹೆಜ್ಜೆ, ಅಲೆಯಿಂದ ಬೆಳಕಿಗೆ ಇನ್ನೊಂದು ಹೆಜ್ಜೆ. ಈ ಎರಡನೆಯ ಹೆಜ್ಜೆಯನ್ನು ಊರಲು ಯೂರೋಪಿನ ಪಂಡಿತರಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ಹಿಡಿಯಿತು. ನಾನೂ ಬಹುಕಾಲ ಸೂತ್ರಗಳನ್ನು ಕರಿಹಲಗೆಯ ಮೇಲೆ ಬರೆದು, ಅವುಗಳ ಚರಿತ್ರೆಯನ್ನು ಹೇಳದೆಯೇ ಪಾಠವನ್ನು ಮುಗಿಸಿದವನು. ಆ ಲೋಪವನ್ನು ಇಂದು ಸ್ವಲ್ಪಮಟ್ಟಿಗಾದರೂ ತುಂಬಲು ಯತ್ನಿಸುತ್ತೇನೆ.

ಬೆಳಕು ಅಲೆಯ ರೂಪದಲ್ಲಿ ಹರಡುವುದೆಂದು ಹಾಲೆಂಡಿನ ಹೈಗೆನ್ಸನು ೧೬೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದನು. ನ್ಯೂಟನ್ನನು ಇದನ್ನು ಒಪ್ಪಲಿಲ್ಲ. ಗುಡ್ಡದ ಆಚೆ ಬಾರಿಸಿದ ಗಂಟೆಯ ನಾದವು ಈಚೆಗೆ ಕೇಳುತ್ತದೆ. ಆದರೆ ಗ್ರಹವು ಅಡ್ಡಬಂದರೆ ನಕ್ಷತ್ರವು ಕಾಣದಾಗುತ್ತದೆ. ಅಲೆಯಾಗಿದ್ದರೆ ಬೆಳಕೂ ಬಾಗಿ ನೆರಳಿನೊಳಕ್ಕೆ ಬರಬೇಡವೇ? ಆದುದರಿಂದ ಬೆಳಕು ವೇಗವಾಗಿ ಚಿಮ್ಮುವ ಕಣಗಳ ಪ್ರವಾಹವೆಂಬುದರ ಕಡೆಗೆ ಅವನ ಒಲವು. ಆಕ್ಷೇಪವು ನ್ಯಾಯವಾದುದೇ. ಆದರೆ ಗುರುವಿಗಿಂತ ಶಿಷ್ಯರು ಹೆಚ್ಚು ಹಟವಾದಿಗಳಾದರು.

ಲಂಡನ್ನಿನ ವೈದ್ಯನಾದ ತಾಮಸ್ ಯಂಗನು ೧೮೦೧ರಲ್ಲಿ ಈ ವಾದವನ್ನು ಮತ್ತೆ ಎತ್ತಿದನು. ಕೆರೆಯಲ್ಲಿ ಎರಡು ಕಲ್ಲುಗಳನ್ನು ಎಸೆದರೆ, ಉಬ್ಬು ಉಬ್ಬನ್ನು ಕೂಡಿದ ಕಡೆ ನೀರು ಇಮ್ಮಡಿಯಾಗಿ ಏಳುತ್ತದೆ. ಉಬ್ಬು ತಗ್ಗನ್ನು ಕೂಡಿದ ಕಡೆ ಶಾಂತವಾಗುತ್ತದೆ. ಹಾಗೆಯೇ ಬೆಳಕಿಗೆ ಬೆಳಕು ಸೇರಿ ಕತ್ತಲೆಯಾಗಬಹುದೆಂದು ಅವನ ಮತ. ಬಿಸಿಲಿನ ಕಿರಣದಲ್ಲಿ ತೆಳುವಾದ ಕಾಗದದ ಪಟ್ಟಿಯೊಂದನ್ನು ಹಿಡಿದು, ಅದರ ನೆರಳಿನಲ್ಲಿ ಬೆಳಕಿನ ಗೆರೆಗಳನ್ನು ೧೮೦೩ರಲ್ಲಿ ತೋರಿಸಿದನು. ಒಂದು ಪಕ್ಕದ ಬೆಳಕನ್ನು ತಡೆದರೆ ಆ ಗೆರೆಗಳು ಮಾಯವಾದುವು. ಇದಕ್ಕೆ ದೊರೆತ ಪ್ರತಿಫಲವೆಂದರೆ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯ ಕಟುನಿಂದೆ. ಅದಕ್ಕುತ್ತರವಾಗಿ ಅಚ್ಚುಹಾಕಿಸಿದ ಪುಸ್ತಿಕೆಯಲ್ಲಿ ಒಂದೇ ಒಂದು ಪ್ರತಿ ಮಾರಾಟವಾಯಿತೆಂದು ಅವನೇ ಹೇಳಿಕೊಂಡಿದ್ದಾನೆ.

ಫ್ರಾನ್ಸಿನಲ್ಲಿ ಅಗಸ್ಟಿನ್ ಫ್ರೆನೆಲ್ ಎಂಬ ತರುಣನು ರಸ್ತೆ ಸೇತುವೆಗಳ ಇಂಜಿನಿಯರನಾಗಿದ್ದನು. ೧೮೧೫ರಲ್ಲಿ ನೆಪೋಲಿಯನ್ನನು ಮರಳಿ ಬಂದಾಗ ಅವನನ್ನು ವಿರೋಧಿಸಿ ಕೆಲಸವನ್ನು ಕಳೆದುಕೊಂಡು, ಪೋಲೀಸರ ಕಣ್ಗಾವಲಿನಲ್ಲಿ ತಾಯಿಯ ಮನೆಯನ್ನು ಸೇರಿದನು. ಆ ಬಿಡುವಿನಲ್ಲಿ, ಯಂಗನ ಲೇಖನಗಳ ಪರಿಚಯವಿಲ್ಲದೆಯೇ ನೆರಳುಗಳ ಅಂಚನ್ನು ಪರೀಕ್ಷಿಸತೊಡಗಿದನು. ಜೇನಿನ ಹನಿಯೇ ಅವನ ಮಸೂರ. ಹಳ್ಳಿಯ ಕಮ್ಮಾರನು ಮಾಡಿಕೊಟ್ಟುದೇ ಉಪಕರಣ. ಅಲೆಯ ಪ್ರತಿಯೊಂದು ಬಿಂದುವೂ ಹೊಸ ಕಿರುದೆರೆಗಳನ್ನು ಹೊರಡಿಸುವುದೆಂದೂ, ಅವೆಲ್ಲವೂ ಕೂಡಿ ಕಳೆದು ಉಳಿದುದೇ ನಾವು ಕಾಣುವ ಬೆಳಕೆಂದೂ ಗಣಿತದಿಂದ ಸಾಧಿಸಿದನು.

ಈ ವಿಷಯಕ್ಕೆ ಫ್ರೆಂಚ್ ವಿಜ್ಞಾನ ಅಕಾಡೆಮಿಯು ಬಹುಮಾನವನ್ನು ಸಾರಿದಾಗ, ೧೮೧೮ರಲ್ಲಿ ಫ್ರೆನೆಲನು ತನ್ನ ಪ್ರಬಂಧವನ್ನು ಒಪ್ಪಿಸಿದನು. ತೀರ್ಪುಗಾರರು ಐವರು. ಅವರಲ್ಲಿ ಲಾಪ್ಲಾಸ್, ಬಯೋ, ಪಾಸ್ಸೋನ್ ಈ ಮೂವರೂ ಕಣಪಕ್ಷದವರು. ಪಾಸ್ಸೋನನು ಗಣಿತದಲ್ಲಿ ಅಸಾಧಾರಣ ನಿಪುಣ. ಅವನು ಫ್ರೆನೆಲನ ಸೂತ್ರಗಳನ್ನೇ ಹಿಡಿದು ಲೆಕ್ಕಮಾಡಿ, ಅವುಗಳಿಂದ ಒಂದು ವಿಚಿತ್ರ ಫಲವನ್ನು ಹೊರಡಿಸಿದನು. ದುಂಡಗಿನ ಬಿಲ್ಲೆಯ ಅಂಚಿನ ಎಲ್ಲ ಬಿಂದುಗಳೂ ನೆರಳಿನ ನಟ್ಟನಡುವಿಗೆ ಸಮದೂರದಲ್ಲಿರುತ್ತವೆ. ಆದುದರಿಂದ ಅಲ್ಲಿಗೆ ಬರುವ ಅಲೆಗಳು ಉಬ್ಬಿಗೆ ಉಬ್ಬಾಗಿ ಕೂಡಿ, ಬಿಲ್ಲೆಯೇ ಇಲ್ಲವೋ ಎಂಬಂತೆ ಬೆಳಗಬೇಕು. ನೆರಳಿನ ನಡುವೆ ಬೆಳಕು! ಇದು ಅಸಂಭವ, ಆದುದರಿಂದ ಸಿದ್ಧಾಂತವೂ ಸುಳ್ಳೆಂಬುದು ಅವನ ಆಶಯ.

ಪ್ರಬಂಧದ ಅಳಿವು ಉಳಿವು ಒಂದು ಚುಕ್ಕೆಯ ಮೇಲೆ ನಿಂತಿತು. ತೀರ್ಪುಗಾರರಲ್ಲೊಬ್ಬನಾದ ಅರಾಗೋ ಎರಡು ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಮೇಣದಿಂದ ಗಾಜಿಗಂಟಿಸಿ ಪರೀಕ್ಷಿಸಿದನು. ನೆರಳಿನ ನಡುವೆ ಚುಕ್ಕೆಯು ಬೆಳಗುತ್ತಿದ್ದಿತು! ೧೮೧೯ರಲ್ಲಿ ಬಹುಮಾನವು ಫ್ರೆನೆಲನಿಗೆ ಸಂದಿತು. ಮಾರಾಲ್ಡಿಯೆಂಬುವನು ೧೭೨೩ರಲ್ಲಿಯೇ ಈ ಚುಕ್ಕೆಯನ್ನು ಕಂಡಿದ್ದನು. ಅದರ ಅರ್ಥವನ್ನು ತಿಳಿಯುವವರು ಆಗ ಇರಲಿಲ್ಲ.

ಫ್ರೆನೆಲನು ೧೮೨೭ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡನು. ಕಡಲ ದೀಪಸ್ತಂಭಗಳಿಗೆ ಅವನು ರಚಿಸಿದ ಮಸೂರವು ಅದೆಷ್ಟೋ ನಾವಿಕರಿಗೆ ದಾರಿ ತೋರಿತು. ೧೯೦೫ರಲ್ಲಿ ಐನ್‌ಸ್ಟೈನನು ಬೆಳಕಿಗೆ ಕಣಸ್ವಭಾವವೂ ಉಂಟೆಂದು ತೋರಿಸಿದುದರಿಂದ, ಕಥೆಯು ಅಲ್ಲಿಗೇ ಮುಗಿಯಲಿಲ್ಲ. ಆದರೆ ಆ ಚುಕ್ಕೆಯನ್ನು ಇಂದಿಗೂ ಪಾಸ್ಸೋನನ ಹೆಸರಿನಿಂದಲೇ ಕರೆಯುವುದುಂಟು. ಅದು ನ್ಯಾಯವೇ ಸರಿ. ಆಕ್ಷೇಪವನ್ನು ಕಡೆಮುಟ್ಟ ಲೆಕ್ಕಮಾಡಿ ಪರೀಕ್ಷೆಗೆ ಒಡ್ಡಿದ ಪ್ರತಿವಾದಿಯು, ತಾನರಿಯದೆಯೇ ಸತ್ಯಕ್ಕೆ ಸಾಕ್ಷಿಯಾದನು. ವಿದ್ಯಾರ್ಥಿಯು ಒಂದು ಸೂತ್ರವನ್ನು ಬಾಯಿಪಾಠ ಮಾಡುವಾಗ, ಅದು ಯಾವ ಆಕ್ಷೇಪವನ್ನು ಗೆದ್ದು ಬಂದುದೆಂದು ಒಮ್ಮೆ ಕೇಳಲಿ.