ಮಣ್ಣಿನ ಆರ್ಕಿಯಾ: ಶಿಕಾರಿಪುರ, ಸೊರಬದ ಗದ್ದೆ ಮತ್ತು ಕಾನುಗಳ ನೆಲದಲ್ಲಿ

ಆರ್ಕಿಯಾ ಎಂಬುದು ಬ್ಯಾಕ್ಟೀರಿಯಾ ಮತ್ತು ಯೂಕ್ಯಾರಿಯಾಗಳ ಜೊತೆಗೆ ಜೀವಲೋಕದ ಮೂರು ಮಹಾವಿಭಾಗಗಳಲ್ಲಿ ಒಂದು. ಇವು ಕೋಶಕೇಂದ್ರವಿಲ್ಲದ ಏಕಕೋಶ ಜೀವಿಗಳು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾದಂತೆಯೇ ಕಂಡರೂ ಒಳರಚನೆ ಬೇರೆ. ಇವುಗಳ ಕೋಶಪೊರೆಯ ಕೊಬ್ಬು ಈಥರ್ ಬಂಧದಿಂದ ಕೂಡಿದ್ದು. ಬ್ಯಾಕ್ಟೀರಿಯಾದಲ್ಲೂ ಮನುಷ್ಯರಲ್ಲೂ ಅದು ಎಸ್ಟರ್ ಬಂಧ. ಡಿಎನ್‌ಎಯನ್ನು ನಕಲಿಸುವ, ಓದುವ ಕಿಣ್ವಗಳು ಮಾತ್ರ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶದ ಕಿಣ್ವಗಳಿಗೇ ಹತ್ತಿರ. ಬಿಸಿನೀರಿನ ಬುಗ್ಗೆ, ಉಪ್ಪಿನ ಮಡುಗಳ ವಾಸಿಗಳೆಂದು ಹೆಸರಾದ ಇವು ಸಾಮಾನ್ಯ ಹೊಲಗದ್ದೆಯ ಮಣ್ಣಿನಲ್ಲೂ ಹೇರಳವಾಗಿವೆ.

ಈ ಸಂಗತಿಯನ್ನು ಅರಿಯಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಒಳ್ಳೆಯ ನೆಲ. ಸೊರಬದ ಪಶ್ಚಿಮದಲ್ಲಿ ಮಲೆನಾಡಿನ ಮಳೆ, ಜಂಬಿಟ್ಟಿಗೆ ನೆಲ, ವರದಾ ಮತ್ತು ದಂಡಾವತಿ ನದಿಗಳ ತಗ್ಗುಗದ್ದೆಗಳು, ನಡುನಡುವೆ ಕಾನು ಎಂದು ಕರೆಯುವ ನಿತ್ಯಹಸಿರು ಕಾಡಿನ ತುಂಡುಗಳಿವೆ. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದರು. ಪೂರ್ವಕ್ಕೆ ಕುಮುದ್ವತಿ ನದಿಯ ಕಡೆಗೆ, ಅಂಜನಾಪುರ ಜಲಾಶಯದ ಸೀಮೆಗೆ ಬಂದರೆ ಮಳೆ ಇಳಿಯುತ್ತದೆ, ಮೆಕ್ಕೆಜೋಳದ ಕೆಂಪು ಹೊಲಗಳು ಶುರುವಾಗುತ್ತವೆ. ನೀರು ನಿಂತ ಕೆಸರು, ಗಾಳಿಯಾಡುವ ಹೊಲ, ಹುಳಿ ಗುಣದ ಕಾಡುಮಣ್ಣು ಮೂರೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಮಣ್ಣಿನ ಆರ್ಕಿಯಾಗಳ ಬದುಕನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಅಂಶ: ಆಮ್ಲಜನಕ ಮತ್ತು ಮಣ್ಣಿನ ಹುಳಿ.

ಪತ್ತೆಯಾದ ಬಗೆ

1977ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದಾಗ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಾ ಕುಲಕ್ಕೆ ಸೇರಿದವಲ್ಲ ಎಂಬುದು ಬಯಲಾಯಿತು. 1990ರಲ್ಲಿ ಆ ಗುಂಪಿಗೆ ಆರ್ಕಿಯಾ ಎಂಬ ಹೆಸರು ನಿಂತಿತು. ಮಣ್ಣಿನ ಬಹುಪಾಲು ಆರ್ಕಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟ. ಆದ್ದರಿಂದ ಚಿಟಿಕೆ ಮಣ್ಣಿನಿಂದ ಎಲ್ಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೇ ತೆಗೆದು, ತುಣುಕುಗಳನ್ನು ಓದಿ, ಒಂದೊಂದು ಜೀವಿಯ ಜೀನೋಮನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಮೆಟಾಜೀನೋಮಿಕ್ಸ್ ವಿಧಾನವೇ ಈ ಕ್ಷೇತ್ರದ ಬೆನ್ನೆಲುಬು.

ಕೆಸರಿನ ಮೀಥೇನ್‌ಕಾರಕಗಳು

ನಾಟಿಯಾಗಿ ಕೆಲವು ವಾರ ಕಳೆದ ಗದ್ದೆಗೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಗುಳ್ಳೆಗಳು ಏಳುತ್ತವೆ. ಅದರಲ್ಲಿರುವ ಮೀಥೇನ್ ಪೂರ್ತಿಯಾಗಿ ಆರ್ಕಿಯಾಗಳ ಉತ್ಪನ್ನ. ನೀರು ನಿಂತ ಮಣ್ಣಿನಲ್ಲಿ ಮೊದಲು ಆಮ್ಲಜನಕ ಖರ್ಚಾಗುತ್ತದೆ; ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಬೇರೆ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಬಳಸುತ್ತವೆ. ಕೊನೆಯ ಸರದಿ ಮೀಥೇನ್‌ಕಾರಕಗಳದು. ಜಂಬಿಟ್ಟಿಗೆ ಸೀಮೆಯ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಅದು ಮುಗಿಯುವವರೆಗೆ ಮೀಥೇನ್ ತಡವಾಗುತ್ತದೆ. ಇಂಥ ಗದ್ದೆಯ ಸಸಿಯನ್ನು ಕಿತ್ತರೆ ಬೇರಿಗೆ ಅಂಟಿದ ಕೆಂಗಂದು ಲೇಪ ಕಾಣುತ್ತದೆ. ಬೇರಿನಿಂದ ಸೋರಿದ ಆಮ್ಲಜನಕ ಕೆಸರಿನಲ್ಲಿ ಕರಗಿದ ಕಬ್ಬಿಣವನ್ನು ಮತ್ತೆ ತುಕ್ಕಾಗಿಸಿದ ಗುರುತು ಅದು. ಗದ್ದೆಯ ಮೀಥೇನಿನ ಹೆಚ್ಚಿನ ಪಾಲು ಭತ್ತದ ಕಾಂಡದೊಳಗಿನ ಗಾಳಿನಾಳಗಳ ಮೂಲಕವೇ ಹೊರಬೀಳುತ್ತದೆ.

ಆ ಬೇರುಗಳ ಅಂಚಿನಲ್ಲಿ ಬದುಕುವ ಮೀಥೇನ್‌ಕಾರಕಗಳಲ್ಲಿ ಮೀಥನೋಸೆಲ್ಲಾ ಮುಖ್ಯ. ಇಟಲಿಯ ಭತ್ತದ ಗದ್ದೆಯ ಮಣ್ಣಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳ ಮಿಶ್ರಣದಿಂದ ಇದರ ಸುಮಾರು 32 ಲಕ್ಷ ಬೇಸ್ ಜೋಡಿಗಳ ಜೀನೋಮನ್ನು 2006ರಲ್ಲಿ ಪೂರ್ತಿ ಓದಲಾಯಿತು. ಮೀಥೇನ್‌ಕಾರಕಗಳಿಗೆ ಆಮ್ಲಜನಕ ವಿಷ. ಆದರೆ ಈ ಜೀನೋಮಿನಲ್ಲಿ ಆಮ್ಲಜನಕದ ಹಾನಿಯನ್ನು ತಡೆಯುವ ಕಿಣ್ವಗಳ ಜೀನ್‌ಗಳು ಸಾಲಾಗಿ ಸಿಕ್ಕವು. ಒಮ್ಮೆ ನೀರು, ಒಮ್ಮೆ ಗಾಳಿ ಕಾಣುವ ಗದ್ದೆಯಲ್ಲಿ ಅದು ಉಳಿದುಕೊಂಡ ಗುಟ್ಟು ಇದೇ. ಜಪಾನಿನ ಗದ್ದೆಯೊಂದರಿಂದ ಶುದ್ಧವಾಗಿ ಬೆಳೆಸಿದ ಇದೇ ಕುಲದ ಜೀವಿಗೆ 2008ರಲ್ಲಿ ಮೀಥನೋಸೆಲ್ಲಾ ಪ್ಯಾಲುಡಿಕೋಲ ಎಂದು ಹೆಸರಿಡಲಾಯಿತು.

ಇನ್ನೊಂದು ಗುಂಪು ಮೀಥನೋಸಾರ್ಸಿನ. 2002ರಲ್ಲಿ ಓದಿದ ಮೀಥನೋಸಾರ್ಸಿನ ಮೇಜಿಯ 3,371 ಜೀನ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲಿನ ಹತ್ತಿರದ ನೆಂಟರು ಬ್ಯಾಕ್ಟೀರಿಯಾಗಳಲ್ಲಿ ಸಿಕ್ಕರು. ವಿಕಾಸ ಎಂದರೆ ತಾಯಿಕೋಶದಿಂದ ಮಗಳುಕೋಶಕ್ಕೆ ಬರುವ ಬದಲಾವಣೆ ಮಾತ್ರವಲ್ಲ, ನೆರೆಯ ಬೇರೆ ಜೀವಿಗಳಿಂದ ಜೀನ್ ಪಡೆಯುವುದೂ ಹೌದು ಎಂಬುದಕ್ಕೆ ಇದು ಬಲವಾದ ಸಾಕ್ಷಿ. ಇಂಥ ಜೀನ್ ವಿನಿಮಯಕ್ಕೆ ಇನ್ನೊಂದು ಸುಳಿವೂ ಇದೆ: ಮೀಥೇನನ್ನು ತಿನ್ನುವ ಮೀಥನೋಪೆರೆಡೆನ್ಸ್ ಎಂಬ ಆರ್ಕಿಯಾದ ಜೊತೆಗೆ, ಕ್ಯಾಲಿಫೋರ್ನಿಯಾದ ಜೌಗುಮಣ್ಣಿನಲ್ಲಿ, ಹತ್ತು ಲಕ್ಷ ಬೇಸ್ ಜೋಡಿಗಳಷ್ಟು ಉದ್ದವಿರಬಲ್ಲ ಪ್ರತ್ಯೇಕ ಡಿಎನ್‌ಎ ಎಳೆಗಳು ಕಂಡುಬಂದವು. ಅವಕ್ಕೆ ಬೋರ್ಗ್ ಎಂದು ಹೆಸರಿಟ್ಟರು. ವಿವರ 2022ರಲ್ಲಿ ಪ್ರಕಟವಾಯಿತು.

ಹೊಲ ಮತ್ತು ಕಾನಿನ ಅಮೋನಿಯಾಭಕ್ಷಕಗಳು

ಗಾಳಿಯಾಡುವ ಮಣ್ಣಿನಲ್ಲಿ ಬೇರೊಂದು ಕುಲದ ಪಾರುಪತ್ಯ. ಅಮೋನಿಯಾವನ್ನು ನೈಟ್ರೈಟ್ ಆಗಿಸಿ ಅದರಿಂದ ಶಕ್ತಿ ಪಡೆಯುವ ಈ ಕೆಲಸ ಬ್ಯಾಕ್ಟೀರಿಯಾಗಳದೆಂದೇ ನೂರು ವರ್ಷ ಪಾಠ ಹೇಳಲಾಗಿತ್ತು. 2005ರಲ್ಲಿ ಮಣ್ಣಿನ ಆರ್ಕಿಯಾದ ಡಿಎನ್‌ಎಯಲ್ಲೂ ಅದಕ್ಕೆ ಬೇಕಾದ ಜೀನ್ ಸಿಕ್ಕಿತು. ಮರುವರ್ಷ ಹನ್ನೆರಡು ಬಗೆಯ ಮಣ್ಣನ್ನು ಪರೀಕ್ಷಿಸಿದಾಗ ಆರ್ಕಿಯಾಗಳ ಈ ಜೀನ್ ಬ್ಯಾಕ್ಟೀರಿಯಾದ್ದಕ್ಕಿಂತ 3,000 ಪಟ್ಟಿನವರೆಗೂ ಹೆಚ್ಚಿತ್ತು. 2011ರಲ್ಲಿ ವಿಯೆನ್ನಾದ ತೋಟದ ಮಣ್ಣಿನಿಂದ ನೈಟ್ರೋಸೋಸ್ಫೇರಾ ವಿಯೆನೆನ್ಸಿಸ್, ಸ್ಕಾಟ್ಲೆಂಡಿನ ಅಬರ್ಡೀನ್ ಬಳಿಯ ಹುಳಿಮಣ್ಣಿನಿಂದ ನೈಟ್ರೋಸೋಟೇಲಿಯಾ ಎಂಬ ಎರಡು ಆರ್ಕಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಯಿತು. ಎರಡನೆಯದು ಪಿಎಚ್ 4ರಿಂದ 5.5ರೊಳಗಿನ ಮಣ್ಣಿನಲ್ಲಷ್ಟೇ ಬೆಳೆಯುತ್ತದೆ. ಕಾನಿನ ತರಗೆಲೆಯ ಕೆಳಗಿನ ಹುಳಿಮಣ್ಣು ಇಂಥ ಜೀವಿಗಳಿಗೆ ಹೇಳಿ ಮಾಡಿಸಿದ ನೆಲೆ.

ಆರ್ಕಿಯಾಗಳಿಗೆ ಅಮೋನಿಯಾ ಹನಿಹನಿಯಾಗಿ ಸಿಕ್ಕರೂ ಸಾಕು. ಸೊಪ್ಪು, ಕೊಟ್ಟಿಗೆ ಗೊಬ್ಬರ ಕೊಳೆತು ನಿಧಾನವಾಗಿ ಬಿಡುಗಡೆಯಾಗುವ ಸಾರಜನಕ ಇವಕ್ಕೆ ಒಗ್ಗುತ್ತದೆ. ಮೆಕ್ಕೆಜೋಳಕ್ಕೆ ಒಮ್ಮೆಲೇ ಯೂರಿಯಾ ಸುರಿದಾಗ ಮೇಲುಗೈ ಸಾಧಿಸುವುದು ಹೆಚ್ಚಾಗಿ ಬ್ಯಾಕ್ಟೀರಿಯಾಗಳು. ಆ ದಾರಿಯಲ್ಲಿ ಹೊರಬೀಳುವ ನೈಟ್ರಸ್ ಆಕ್ಸೈಡ್ ಕೂಡ ಹೆಚ್ಚು. ಹಾಗೆಂದು ಯೂರಿಯಾ ಆರ್ಕಿಯಾಗಳಿಗೆ ಅಪರಿಚಿತವೇನಲ್ಲ. ನೈಟ್ರೋಸೋಸ್ಫೇರಾದ ಸುಮಾರು 25 ಲಕ್ಷ ಬೇಸ್ ಜೋಡಿಗಳ ಜೀನೋಮಿನಲ್ಲಿ ಯೂರಿಯಾವನ್ನು ಒಡೆಯುವ ಜೀನ್‌ಗಳಿವೆ. ಜೊತೆಗೆ, ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ಲೋಳೆಪದರ ಕಟ್ಟುವ ಜೀನ್‌ಗಳೂ ಇವೆ. ಸಮುದ್ರದಲ್ಲಿ ತೇಲುವ ಅದರ ಸಂಬಂಧಿ ನೈಟ್ರೋಸೋಪ್ಯುಮಿಲಸ್‌ನ ಜೀನೋಮ್ ಸುಮಾರು 16 ಲಕ್ಷ ಬೇಸ್ ಜೋಡಿ ಮಾತ್ರ.

ವಿಕಾಸದ ಹಾದಿ

ಈ ಎರಡು ಕುಲಗಳ ಜೀನೋಮುಗಳು ಭೂಮಿಯ ಆಮ್ಲಜನಕದ ಇತಿಹಾಸದ ಎರಡು ಅಧ್ಯಾಯಗಳು. ಮೀಥೇನ್ ಉತ್ಪಾದನೆಯ ಜಾಡು ಸುಮಾರು 350 ಕೋಟಿ ವರ್ಷ ಹಿಂದಕ್ಕೆ ಹೋಗುತ್ತದೆ. ವಾತಾವರಣದಲ್ಲಿ ಆಮ್ಲಜನಕ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಶಿವಮೊಗ್ಗದ ಶಿಸ್ಟ್ ಪಟ್ಟಿಯ ಧಾರವಾಡ ಶಿಲೆಗಳು ಅದಕ್ಕೂ ಹಿಂದಿನವು; ಅಂದರೆ ಇಲ್ಲಿನ ಕೆಂಪುಮಣ್ಣಿಗೆ ತಾಯಿಯಾದ ಕಲ್ಲು ರೂಪುಗೊಂಡಾಗ ಲೋಕದಲ್ಲಿ ಮೀಥೇನ್‌ಕಾರಕಗಳಿದ್ದವು, ಉಸಿರಾಡುವ ಗಾಳಿ ಇರಲಿಲ್ಲ. ಆಮ್ಲಜನಕ ಬೇಕೇ ಬೇಕಾದ ಅಮೋನಿಯಾಭಕ್ಷಕ ಆರ್ಕಿಯಾಗಳು ಆಮೇಲೆ ಬಂದವು. 2019ರಲ್ಲಿ ಪ್ರಕಟವಾದ ಜೀನೋಮ್ ಹೋಲಿಕೆಯ ಪ್ರಕಾರ ಅವು ಸುಮಾರು 230 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಹುಟ್ಟಿ, ಆಮೇಲೆ ಸಮುದ್ರಕ್ಕೆ ಹರಡಿದವು. ನೆಲದಲ್ಲೇ ಉಳಿದ ಒಂದು ದೊಡ್ಡ ಶಾಖೆಯ ಜೀನೋಮ್ ಹಿಗ್ಗಿದ್ದು ಮುಖ್ಯವಾಗಿ ಇದ್ದ ಜೀನ್‌ಗಳೇ ಇಮ್ಮಡಿಯಾಗಿ. ಮಣ್ಣಿನ ಹುಳಿಗೆ ಹೊಂದಿಕೊಳ್ಳುತ್ತ ಈ ಕುಲ ಕವಲೊಡೆದ ಗುರುತುಗಳೂ ಅದರ ವಂಶವೃಕ್ಷದಲ್ಲಿ ಸಿಗುತ್ತವೆ.

ಬೇಸಾಯಕ್ಕೆ ಇದರ ಸಂಬಂಧ

1990ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಭಾರತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಹೊರಡುತ್ತದೆಂದು ಅಂದಾಜಿಸಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಗದ್ದೆಗಳಲ್ಲೇ ನಡೆದ ಅಳತೆ ಅದನ್ನು ಸುಮಾರು 40 ಲಕ್ಷ ಟನ್‌ಗೆ ಇಳಿಸಿತು. ಗದ್ದೆ ಗದ್ದೆಗೂ ನೀರು ನಿಲ್ಲುವ ರೀತಿ ಬೇರೆ. ಕೆರೆಯ ಕೆಳಗೆ ಸದಾ ನೀರು ನಿಂತ ಗದ್ದೆಯಷ್ಟು ಮೀಥೇನ್, ಒಣಮಣ್ಣಿಗೆ ಕೂರಿಗೆಯಲ್ಲಿ ಬಿತ್ತಿ ಮಳೆ ಹಿಡಿದ ಮೇಲೆ ನೀರು ಕಟ್ಟುವ ಭತ್ತದಲ್ಲಿ ಹುಟ್ಟುವುದಿಲ್ಲ. ಬದುವಿನ ಕಂಡಿ ತೆಗೆದು ನಡುನಡುವೆ ನೀರು ಬಸಿದರೆ ಮೀಥೇನ್‌ಕಾರಕಗಳು ಹಿಂದೆ ಸರಿಯುತ್ತವೆ, ಅಮೋನಿಯಾಭಕ್ಷಕಗಳು ಚುರುಕಾಗುತ್ತವೆ. ಅದೇ ಹೊತ್ತಿಗೆ ಯೂರಿಯಾ ಎರಚಿದ್ದರೆ ಸಾರಜನಕ ನೈಟ್ರೇಟ್ ಆಗಿ ಬಸಿದುಹೋಗುತ್ತದೆ, ಮತ್ತೆ ನೀರು ಕಟ್ಟಿದಾಗ ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಹೀಗಾಗಿ ನೀರು ಬಸಿಯುವ ದಿನವನ್ನೂ ಗೊಬ್ಬರ ಕೊಡುವ ದಿನವನ್ನೂ ಒಟ್ಟಿಗೇ ಯೋಜಿಸಬೇಕು. ಮೀಥೇನ್ ಉತ್ಪಾದನೆಯ ಜೀನ್ ಮತ್ತು ಅಮೋನಿಯಾ ಉತ್ಕರ್ಷಣೆಯ ಜೀನ್ ಎರಡನ್ನೂ ಒಂದೇ ಮಣ್ಣಿನ ಮಾದರಿಯಲ್ಲಿ ಎಣಿಸಬಹುದು. ನೀರು ಬಸಿಯುವ ಮೊದಲು ಮತ್ತು ಬಸಿದ ನಂತರ ತೆಗೆದ ಮಾದರಿಗಳನ್ನು ಹೋಲಿಸಿದರೆ ಆ ಗದ್ದೆಯಲ್ಲಿ ಯಾವ ಕುಲ ಹೆಚ್ಚಿತು, ಯಾವುದು ಕುಗ್ಗಿತು ಎಂಬುದು ತಿಳಿಯುತ್ತದೆ.