ಅಶೋಕಪುರಂ: ಸಂಬಳದಿಂದ ಒಡೆತನಕ್ಕೆ

ಮೈಸೂರಿನಿಂದ ಚಾಮರಾಜನಗರದ ಗಾಡಿ ಹತ್ತಿದವರಿಗೆ ಅಶೋಕಪುರಂ ಸ್ಟೇಷನ್ ಗೊತ್ತು. ಅಲ್ಲಿನ ರೈಲ್ವೆ ಕಾರ್ಯಾಗಾರ 1924ರದು, ಸಂಸ್ಥಾನದ ಕಾಲದ್ದು. ಬಡಾವಣೆಯ ಪಕ್ಕದ ಮಾನಂದವಾಡಿ ರಸ್ತೆಯಲ್ಲಿರುವ ರೇಷ್ಮೆ ನೇಯ್ಗೆ ಕಾರ್ಖಾನೆ ಅದಕ್ಕೂ ಹಿರಿಯದು, 1912ರದು. ಮೈಸೂರು ಸಿಲ್ಕ್ ಸೀರೆ ಉಟ್ಟವರಿಗೆ ಅದನ್ನು ಬೇರೆ ಹೇಳಬೇಕಿಲ್ಲ.

ಈ ಬಡಾವಣೆ ದಲಿತರ ಹಳೆಯ ನೆಲೆ. ಒಂದು ಕಾಲಕ್ಕೆ ಇದನ್ನು ಆದಿಕರ್ನಾಟಕಪುರ ಎನ್ನುತ್ತಿದ್ದರು; ಅಶೋಕನ ಹೆಸರು ಬಂದದ್ದು ಆಮೇಲೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದರ ಶಿಫಾರಸಿನ ಮೇಲೆ ಬ್ರಾಹ್ಮಣೇತರ ಸಮುದಾಯಗಳಿಗೆ ಸರ್ಕಾರಿ ಹುದ್ದೆಯಲ್ಲಿ ಪಾಲು ಸಿಕ್ಕಿತು. ಕಾರ್ಯಾಗಾರದಂಥ ಕಡೆ ಸಿಗುವ ತಿಂಗಳ ಸಂಬಳದ ಬೆಲೆ, ಜೀತ ಕಂಡಿದ್ದ ಮನೆಗಳಿಗೆ ಎಷ್ಟೆಂದು ನೀವೇ ಊಹಿಸಿ. ಆದರೆ ಸಂಬಳ ಬೇರೆ, ಒಡೆತನ ಬೇರೆ.

ಇಲ್ಲಿ ಅಂಬೇಡ್ಕರ್ ಬದುಕಿನ ಒಂದು ಸಂಗತಿ ನೆನಪಾಗುತ್ತದೆ. ಸಂವಿಧಾನದ ಮಾತು ಬಂದಾಗೆಲ್ಲ ಅವರನ್ನು ನೆನೆಯುವ ನಾವು, ಅವರೂ ಒಮ್ಮೆ ವ್ಯಾಪಾರಕ್ಕೆ ಕೈ ಹಾಕಿದ್ದನ್ನು ಮರೆಯುತ್ತೇವೆ. 1917ರಲ್ಲಿ ಲಂಡನ್ನಿನಿಂದ ಮರಳಿದ ಮೇಲೆ ಮುಂಬಯಿಯಲ್ಲಿ ಅವರು ಹೂಡಿಕೆದಾರರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಅವರ ಜಾತಿ ತಿಳಿದ ಗಿರಾಕಿಗಳು ಬರುವುದನ್ನು ಬಿಟ್ಟರು, ಕಚೇರಿ ಮುಚ್ಚಿತು. ನಾನು ವಿಜ್ಞಾನ ಓದಿದವನು. ಪ್ರಯೋಗದಲ್ಲಿ ಒಂದೇ ಅಂಶ ಬದಲಿಸಿ ಫಲಿತಾಂಶ ನೋಡುವುದು ನಮ್ಮ ಪಾಠ. ಇಲ್ಲಿ ಸಲಹೆಗಾರ ಅವನೇ, ಅರ್ಥಶಾಸ್ತ್ರದ ಪಾಂಡಿತ್ಯವೂ ಅದೇ. ಬದಲಾದದ್ದು ಗಿರಾಕಿಯ ಕಿವಿಗೆ ಬಿದ್ದ ಒಂದು ಶಬ್ದ ಮಾತ್ರ. ಬಂಡವಾಳವಿಲ್ಲ, ಅನುಭವವಿಲ್ಲ ಎಂಬ ಮಾಮೂಲು ವಿವರಣೆ ಎಲ್ಲ ಕಡೆಗೂ ಸಾಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನಾನು ಕಂಡಿಲ್ಲ.

ಆದ್ದರಿಂದಲೇ ಸರ್ಕಾರ ತಾನೇ ಗಿರಾಕಿಯಾಗಲು ಹೊರಟಿತು. ಕೇಂದ್ರದ 2012ರ ಖರೀದಿ ನೀತಿ, ಪರಿಶಿಷ್ಟರ ಕಿರು ಉದ್ದಿಮೆಗಳಿಂದ ಶೇ. 4ರಷ್ಟು ಸರಕು ಕೊಳ್ಳಬೇಕೆಂದಿತು. ಕರ್ನಾಟಕ 2016ರ ತಿದ್ದುಪಡಿಯಲ್ಲಿ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಪಾಲು ಮೀಸಲಿಟ್ಟಿತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಒಳ್ಳೆಯ ಹೆಜ್ಜೆಯೇ. ಆದರೂ ಇದು ಚರಂಡಿ, ರಸ್ತೆ, ಕಟ್ಟಡದ ಗುತ್ತಿಗೆಗೆ ಸಂಬಂಧಿಸಿದ್ದು. ಬೀದಿಯಲ್ಲಿ ಹೋಟೆಲ್ ತೆರೆದವನ ಕಾಫಿ ಯಾರು ಕುಡಿಯುತ್ತಾರೆ ಎಂಬುದನ್ನು ಕಾನೂನು ಗೊತ್ತು ಮಾಡಲಾರದು.

ಇನ್ನು ಸಾಲ. 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಪರಿಶಿಷ್ಟ ಅರ್ಜಿದಾರರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ಸಾಲ ಕೊಡಬೇಕಿತ್ತು. ಉದ್ದಿಮೆದಾರ ತನ್ನ ಪಾಲಿನದನ್ನೂ ಹಾಕಬೇಕಿತ್ತು: ಮೊದಲು ಶೇ. 25ರವರೆಗೆ, 2021ರಿಂದ ಶೇ. 15ರವರೆಗೆ. ಜಮೀನಿದ್ದವರು ತುಂಡು ನೆಲ ಮಾರಿ ಅದನ್ನು ಹೊಂದಿಸುತ್ತಾರೆ. ಜಮೀನಿಲ್ಲದ ಮನೆಯಲ್ಲಿ ಆ ಗಂಟು ಎಲ್ಲಿಂದ ಬರಬೇಕು? ಬಹುಮಟ್ಟಿಗೆ ಅಪ್ಪನೋ ಅಜ್ಜನೋ ಕಾರ್ಖಾನೆಯಿಂದ ನಿವೃತ್ತರಾದ ದಿನ ಕೈಗೆ ಬಂದ ಭವಿಷ್ಯನಿಧಿಯಿಂದ.