ಅಜ್ಜಿ ಸಾಕಿದ ಪ್ಲಾಸ್ಟಿಕ್ ಮೊಟ್ಟೆ

ಈ ವಾರದ ಕಥೆ ಒಂದು ಪ್ಲಾಸ್ಟಿಕ್ ಮೊಟ್ಟೆಯದು.

1990ರ ದಶಕದ ಕೊನೆ. ನಮ್ಮ ಪೆರೇಸಂದ್ರ ಆಗಿನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಬೆಂಗಳೂರಿಂದ ಬಸ್ಸಿಳಿದ ಮಾವ ನನ್ನ ಕೈಗೊಂದು ಕೀಚೈನ್ ಕೊಟ್ಟರು. ಮೂರು ಗುಂಡಿ, ಬೆರಳಗಲದ ಪರದೆ, ಒಳಗೊಂದು ಮರಿ. ಹಸಿವಾದರೆ ಪೀಂ ಪೀಂ ಅಂತಿತ್ತು. ನಾನು ಸ್ಕೂಲಿಗೆ ಹೋದಾಗ ಅದನ್ನ ನೋಡ್ಕೊಳ್ತಿದ್ದದ್ದು ಅಜ್ಜಿ. ರೇಷ್ಮೆ ಸಾಕಿದ ಕೈ. "ನಿನ್ ಹುಳಕ್ಕೆ ಸೊಪ್ಪು ಹಾಕ್ದೆ ಕಣೋ" ಅನ್ನೋಳು. ಮರಿ ಮಲಗಿದ್ರೆ, "ಜ್ವರಕ್ಕೆ ಕೂತೈತೆ, ಮುಟ್ಬೇಡ." ಪೊರೆ ಬಿಡೋ ಮುಂಚೆ ರೇಷ್ಮೆಹುಳ ಮೇವು ಬಿಟ್ಟು ಸುಮ್ಮನಾಗುತ್ತಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ.

ಅದು ನಕಲಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅಸಲಿಯ ಹೆಸರು ತಮಗೋಚಿ. ಬಾಂದಾಯ್ ಕಂಪನಿ ಜಪಾನಿನಲ್ಲಿ 1996ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿಗಳ ಪರದೆ, ಎಪ್ಸನ್‌ನ 4 ಬಿಟ್ ಚಿಪ್. ನಮ್ಮ ಒಂದು ದಿನ ಅದಕ್ಕೆ ಒಂದು ವರ್ಷ.

ಈಗ ಆ ಅಸಲಿ ಮರಿಯನ್ನು ಫೋನಿನಲ್ಲೇ ಸಾಕಬಹುದು. ಎಮ್ಯುಲೇಟರ್ ಅಂದ್ರೆ ಹಳೇದರ ಹಾಗೆ ಕಾಣೋ ಹೊಸ ಆಟ ಅಲ್ಲ. ಫೋನು ತಾನೇ ಆ ಹಳೇ ಚಿಪ್ ಅಂತ ವೇಷ ಹಾಕಿ, ಅಂದಿನ ಪ್ರೋಗ್ರಾಮನ್ನೇ ಓಡಿಸುತ್ತದೆ. ಆ ಪ್ರೋಗ್ರಾಂ ಹೊರತೆಗೆಯೋದೇ ಕಷ್ಟ; ಚಿಪ್ ತಯಾರಾಗುವಾಗಲೇ ಅದರಲ್ಲಿ ಅಚ್ಚಾಗಿರುತ್ತದೆ. ಇಂಥ ಚಿಪ್‌ಗಳ ಹೊದಿಕೆಯನ್ನು ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದು, ಒಂದೊಂದೇ ಸೊನ್ನೆ-ಒಂದು ಓದಿಕೊಳ್ಳುವವರಿದ್ದಾರೆ. ಆಟಿಕೆ ಮೇಲೆ ಅಷ್ಟು ಪ್ರೀತಿ ಇರಬೇಕು. ಹೆಸರಾಂತ ತಮಗೋಚಿಗೆ ಅಂಥವರು ಸಿಕ್ಕರು. ನನ್ನ ಮೊಟ್ಟೆ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಎಷ್ಟು ಹುಡುಕಿದರೂ ಅದರ ಪ್ರೋಗ್ರಾಂ ನನಗೆ ಸಿಗಲಿಲ್ಲ. ಈ ವಿಷಯದಲ್ಲಿ ಆಟಿಕೆಗಳ ಇತಿಹಾಸಕ್ಕೂ ರಾಜರ ಇತಿಹಾಸಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಬಿಡಿ.

ಫೋನಿನ ಮರಿಯನ್ನು ಸಾಯೋ ಮುಂಚಿನ ಗಳಿಗೆಗೆ ವಾಪಸ್ ತರಬಹುದು. ನಾನೂ ಒಮ್ಮೆ ತಂದೆ, ಯಾಕೋ ಹಿಡಿಸಲಿಲ್ಲ. ನನ್ನದು ಸತ್ತಿದ್ದು ಸೆಲ್ ಮುಗಿದು. ಚಿಕ್ಕಬಳ್ಳಾಪುರದ ವಾಚ್ ಅಂಗಡಿಯಲ್ಲಿ ಸೆಲ್ ಹಾಕಿಸಿ ತಂದರೆ, ಪರದೆ ಮೇಲೆ ಹೊಸ ಮೊಟ್ಟೆ. ಅಜ್ಜಿ ನೋಡಿ, "ಇದು ನಮ್ದಲ್ಲ" ಅಂದವಳು ಮತ್ತೆ ಅದನ್ನ ಮುಟ್ಟಲಿಲ್ಲ.

ಮೊನ್ನೆ ಅದು ಅಟ್ಟದ ಮೇಲೆ ಸಿಕ್ತು. ಬಿಚ್ಚಿ ನೋಡಿದೆ. ಸೆಲ್ ಸೋರಿ ಹಸಿರುಗಟ್ಟಿದೆ. ಚಿಪ್ ಮೇಲೆ ಕಪ್ಪು ಅಂಟಿನ ಒಂದು ಗುಂಡು ಹನಿ, ಹಾಗೇ ಇದೆ. ಅದನ್ನ ಕರಗಿಸಿ ಓದಬಲ್ಲವರು ಯಾರಾದ್ರೂ ಇದನ್ನ ಕೇಳ್ತಿದ್ರೆ ಹೇಳಿ, ಕೊರಿಯರ್ ಮಾಡ್ತೀನಿ.